ವಸಡಿನ ರಕ್ತ, ಎದೆಯ ದಿಗಿಲು

ಕಳೆದ ತಿಂಗಳು ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಮೇಲ್ಮನೆಯ ಮೇಷ್ಟ್ರು ಎದುರಾದರು. ನಿವೃತ್ತ ಗಣಿತದ ಮೇಷ್ಟ್ರು, ವಯಸ್ಸು ಅರವತ್ತೆಂಟು. ಮೂರು ತಿಂಗಳ ಹಿಂದಷ್ಟೇ ಎದೆನೋವು ಬಂದು, ಆಂಜಿಯೋಗ್ರಾಂ ಆಗಿ, ಒಂದು ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರು. ‘ಇಷ್ಟು ಬೇಗ ಎಲ್ಲಿಗೆ ಮೇಷ್ಟ್ರೇ?’ ಅಂದೆ. ‘ಹಲ್ಲು ಕೀಳಿಸೋಕೆ ಕಣಪ್ಪ. ಕೆಳಗಿನ ದವಡೆ ಹಲ್ಲು ಅಲ್ಲಾಡ್ತಿದೆ, ವಸಡಲ್ಲಿ ದಿನಾ ರಕ್ತ. ಹಲ್ಲು ಕೆಟ್ಟರೆ ಹಾರ್ಟೂ ಕೆಡುತ್ತಂತಲ್ಲ, ಗ್ರೂಪಲ್ಲಿ ಬಂದಿತ್ತು, ನೋಡಲಿಲ್ವಾ?’ ಎಂದರು. ಆಮೇಲೆ ದನಿ ತಗ್ಗಿಸಿ, ಕಷ್ಟದ ಲೆಕ್ಕವೊಂದನ್ನು ಬಿಡಿಸಿದವರ ಹಾಗೆ ಸೇರಿಸಿದರು: ‘ರಕ್ತ ಜಾಸ್ತಿ ಹೋಗಬಾರದು ನೋಡು, ಅದಕ್ಕೇ ರಕ್ತ ತೆಳು ಮಾಡೋ ಮಾತ್ರೆ ಎರಡು ದಿನದಿಂದ ನಿಲ್ಲಿಸಿದೀನಿ.’

ಹಾಲಿನ ಪ್ಯಾಕೆಟ್ ಕೈಜಾರಲಿಲ್ಲ, ಅಷ್ಟೇ. ಎದೆ ಉಳಿಸಿಕೊಳ್ಳಲು ಹಲ್ಲು ಕೀಳಿಸ ಹೊರಟ ಮನುಷ್ಯ, ಎದೆಯನ್ನು ಅಲ್ಲಿಯತನಕ ಕಾಯುತ್ತಿದ್ದ ಮಾತ್ರೆಯನ್ನೇ ಬಿಟ್ಟು ಕೂತಿದ್ದರು. ಅವರನ್ನು ಮೆಟ್ಟಿಲ ಮೇಲೆಯೇ ಕೂರಿಸಿ, ಹೃದ್ರೋಗ ವೈದ್ಯರಿಗೆ ಫೋನು ಮಾಡಿಸಿದ್ದಾಯಿತು. ಮುಂದೇನಾಯಿತು ಎಂಬುದು ಆಮೇಲೆ. ಅವರ ಗ್ರೂಪಿಗೆ ಬಂದ ಆ ಸಂದೇಶವನ್ನು ಮೊದಲು ನೋಡೋಣ.

ಅದರಲ್ಲಿದ್ದದ್ದು ಇಷ್ಟು: ವಸಡಿನಲ್ಲಿ ರಕ್ತ ಬರುತ್ತಿದ್ದರೆ ಅಲ್ಲಿನ ಬ್ಯಾಕ್ಟೀರಿಯಾ ನೇರ ಹೃದಯಕ್ಕೆ ಹೋಗಿ ರಕ್ತನಾಳ ಕಟ್ಟಿಸುತ್ತದೆ, ಹಲ್ಲು ಚೆನ್ನಾಗಿ ಉಜ್ಜಿದರೆ ಹೃದಯಾಘಾತವೇ ಇಲ್ಲ. ಕೊನೆಯಲ್ಲಿ ಒಂದು ಮೌತ್‌ವಾಶ್‌ನ ಚಿತ್ರ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ಎದೆಯ ಬಗೆಗಿನ ದಿಗಿಲು ಮನೆಮನೆಗೂ ಇಳಿಯಿತು. ಏನೂ ತೊಂದರೆ ಇಲ್ಲದ ಮೂವತ್ತರ ಹುಡುಗರೂ ಇಸಿಜಿ ಮಾಡಿಸಲು ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಅಂಥ ದಿಗಿಲಿದ್ದಲ್ಲಿ ಮಾರಾಟಗಾರರು ಬರದೆ ಇರುತ್ತಾರೆಯೇ? ಸಂದೇಶ ಪೂರ್ತಿ ಸುಳ್ಳೆಂದು ನಕ್ಕುಬಿಡುವ ಹಾಗೂ ಇಲ್ಲ, ಅದೇ ಇಲ್ಲಿನ ತೊಡಕು. ಬಾಯಿಗೂ ಹೃದಯಕ್ಕೂ ಹಲವು ನಂಟುಗಳಿವೆ. ಜೋರಾಗಿ ಸಾರಲಾಗುತ್ತಿರುವ ನಂಟು ಇನ್ನೂ ಅರ್ಧ ಬೆಂದದ್ದು. ಪೂರ್ತಿ ಗಟ್ಟಿಯಾದವುಗಳ ಸುದ್ದಿಯನ್ನು ಯಾವ ಗ್ರೂಪೂ ಹಂಚುವುದಿಲ್ಲ.

ಹಲ್ಲಿಗೂ ವಸಡಿಗೂ ನಡುವೆ ಸಣ್ಣದೊಂದು ಸಂದು ಎಲ್ಲರಲ್ಲೂ ಇರುತ್ತದೆ. ಆರೋಗ್ಯವಂತ ಬಾಯಲ್ಲಿ ಅದರ ಆಳ ಒಂದರಿಂದ ಮೂರು ಮಿಲಿಮೀಟರ್. ದಂತವೈದ್ಯರು ಗೆರೆ ಹಾಕಿದ ತೆಳು ಕಡ್ಡಿಯೊಂದನ್ನು ಆ ಸಂದಿಗೆ ಇಳಿಸಿ ‘ಮೂರು, ಮೂರು, ಐದು’ ಎಂದು ಸಹಾಯಕಿಗೆ ಬರೆಸುತ್ತಾರಲ್ಲ, ಅದು ಈ ಆಳದ ಲೆಕ್ಕ. ನಾಲ್ಕು ದಾಟಿದರೆ ರೋಗದ ಗುಮಾನಿ. ಊಟದ ಮೇಲೆ ಹಲ್ಲಿನ ಬುಡದಲ್ಲಿ ಕಟ್ಟುವ ಅಂಟುಪದರವನ್ನು ನಾವು ಪಾಚಿ ಎನ್ನುತ್ತೇವೆ. ಒಳ್ಳೆಯ ಹೆಸರೇ, ಕಲ್ಲಿನ ಮೇಲಿನ ಪಾಚಿಯಂತೆ ಅದೂ ಜೀವಿಗಳ ಒಂದು ಕಾಲೊನಿ. ಉಜ್ಜದೆ ಬಿಟ್ಟರೆ ಎಂಜಲಿನ ಸುಣ್ಣದ ಅಂಶ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಬ್ರಶ್ಶಿಗೂ ಹೋಗದು, ಬೇವಿನ ಕಡ್ಡಿಗೂ ಹೋಗದು, ನಂಜನಗೂಡಿನ ಹಲ್ಲುಪುಡಿಗೂ ಹೋಗದು.

ಮೊದಲು ವಸಡು ಕೆಂಪಾಗಿ ಊದುತ್ತದೆ, ಉಜ್ಜಿದಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಶುಚಿ ಮಾಡಿದರೆ ಎಲ್ಲವೂ ಮೊದಲಿನಂತಾಗುತ್ತದೆ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಉರಿಯೂತ ಆಳಕ್ಕಿಳಿದು, ಹಲ್ಲನ್ನು ಹಿಡಿದ ಮೂಳೆ ಕರಗಲು ಶುರುವಾಗುತ್ತದೆ. ಹಾಗೆ ಕರಗಿದ ಮೂಳೆ ತಾನಾಗಿ ಮರಳುವುದಿಲ್ಲ. ವಿಚಿತ್ರವೆಂದರೆ ಈ ಮೂಳೆಯನ್ನು ತಿನ್ನುವುದರಲ್ಲಿ ಬ್ಯಾಕ್ಟೀರಿಯಾಕ್ಕಿಂತ ನಮ್ಮದೇ ದೇಹದ ರಕ್ಷಣಾ ಪಡೆಯ ಕೈ ದೊಡ್ಡದು. ಕಳ್ಳನನ್ನು ಹಿಡಿಯಲು ಬಂದವರು ಮನೆಯ ತೊಲೆಯನ್ನೇ ಕೆಡವುವಂತೆ. ಇದಕ್ಕೆಲ್ಲ ನೋವಿಲ್ಲ. ಹುಳುಕು ಹಲ್ಲು ರಾತ್ರಿ ಕೂಗಿ ಎಬ್ಬಿಸುತ್ತದೆ, ವಸಡುರೋಗ ಮೆಲ್ಲಗೆ ಹಲ್ಲನ್ನು ಅಲ್ಲಾಡಿಸಿ ಕೊನೆಗೆ ಕೈಗೆ ಕೊಡುತ್ತದೆ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ’ ಎಂಬ ನಂಬಿಕೆ ಹುಟ್ಟಿದ್ದೂ ಇಲ್ಲಿಂದಲೇ. ಮೂಳೆ ಹೋದ ಜಾಗದಲ್ಲಿ ಗಾರೆಯೇ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತದೆ. ಅದನ್ನು ತೆಗೆದ ದಿನ ಸತ್ಯ ಬಯಲಾಗುತ್ತದೆ, ಬೈಗುಳ ವೈದ್ಯರಿಗೆ ಬೀಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ತೀವ್ರ ವಸಡುರೋಗವಿರುವವರು ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು. ಅಂಥವರ ಬಾಯಲ್ಲಿ ‘ಅಂಗೈ ಅಗಲದ ಹುಣ್ಣು’ ಇರುತ್ತದೆ ಎಂದು ಬಹಳ ಕಾಲ ಹೇಳುತ್ತಿದ್ದರು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಫಿಲಿಪ್ ಹುಜೊಲ್ ಮತ್ತು ಸಂಗಡಿಗರು 2001ರಲ್ಲಿ ಹಲ್ಲಿನ ಬೇರುಗಳ ಅಳತೆ ಹಿಡಿದು ಲೆಕ್ಕ ಮಾಡಿದಾಗ ಅದು 8ರಿಂದ 20 ಚದರ ಸೆಂಟಿಮೀಟರಿಗೆ ಇಳಿಯಿತು. ದೊಡ್ಡದೆಂದರೆ ಬೆಂಕಿಪೊಟ್ಟಣದ ಮುಖದಷ್ಟು. ಅಷ್ಟಿದ್ದರೂ ಸಾಕಲ್ಲವೇ? ಮೊಣಕೈ ಮೇಲೆ ಬೆಂಕಿಪೊಟ್ಟಣದಷ್ಟು ಅಗಲದ ಗಾಯ ಹತ್ತು ವರ್ಷ ಒಸರುತ್ತಿದ್ದರೆ ಯಾರೂ ಸುಮ್ಮನಿರುವುದಿಲ್ಲ. ಬಾಯಾದರೆ ಮುಕ್ಕಳಿಸಿ ಉಗುಳಿ ಆಫೀಸಿಗೆ ಹೊರಡುತ್ತೇವೆ.

ಈ ಗಾಯದಿಂದ ಹೃದಯಕ್ಕೆ ಎರಡು ದಾರಿಗಳನ್ನು ವಿಜ್ಞಾನಿಗಳು ತೋರಿಸುತ್ತಾರೆ. ಒಂದು, ಬ್ಯಾಕ್ಟೀರಿಯಾ ತಾವೇ ರಕ್ತಕ್ಕಿಳಿಯುವುದು. ಇದರಲ್ಲಿ ಅನುಮಾನವಿಲ್ಲ. ಅಮೆರಿಕದ ಪೀಟರ್ ಲಾಕ್‌ಹಾರ್ಟ್ ತಂಡ 290 ಜನರ ರಕ್ತ ಪರೀಕ್ಷಿಸಿ 2008ರಲ್ಲಿ ವರದಿ ಮಾಡಿತು. ಆ್ಯಂಟಿಬಯೋಟಿಕ್ ಕೊಡದೆ ಹಲ್ಲು ಕಿತ್ತವರಲ್ಲಿ ಶೇ 60 ಮಂದಿಯ ರಕ್ತದಲ್ಲಿ ಬಾಯಿಯ ಬ್ಯಾಕ್ಟೀರಿಯಾ ಸಿಕ್ಕವು. ಬರೀ ಹಲ್ಲುಜ್ಜಿದವರಲ್ಲೂ ಶೇ 23 ಮಂದಿಯಲ್ಲಿ ಸಿಕ್ಕವು! ಬಹುತೇಕ ಆರೋಗ್ಯವಂತರಲ್ಲಿ ದೇಹ ಇವನ್ನು ಸ್ವಲ್ಪ ಹೊತ್ತಿನಲ್ಲೇ ಗುಡಿಸಿ ಹಾಕುತ್ತದೆ. ಆದರೆ 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕತ್ತಿನ ರಕ್ತನಾಳದಿಂದ ಶಸ್ತ್ರಚಿಕಿತ್ಸೆ ಮಾಡಿ ತೆಗೆದ 50 ಕೊಬ್ಬಿನ ಗಂಟುಗಳನ್ನು ಪರೀಕ್ಷಿಸಿದಾಗ ಶೇ 44ರಲ್ಲಿ ವಸಡುರೋಗದ ಬ್ಯಾಕ್ಟೀರಿಯಾಗಳ ಡಿಎನ್‌ಎ ಕಂಡುಬಂತು. ಅವು ಅಲ್ಲಿ ರೋಗ ತಂದವೋ, ಮೊದಲೇ ಕೆಟ್ಟಿದ್ದ ಜಾಗದಲ್ಲಿ ಹೋಗಿ ಸಿಕ್ಕಿಕೊಂಡವೋ, ಅದನ್ನು ಡಿಎನ್‌ಎ ಹೇಳುವುದಿಲ್ಲ. ಮನೆ ಬಿದ್ದ ಜಾಗದಲ್ಲಿ ಹಾವು ಸಿಕ್ಕಿತೆಂದು ಹಾವೇ ಮನೆ ಬೀಳಿಸಿತೆನ್ನಲಾದೀತೆ?

ಎರಡನೆಯ ದಾರಿಯಲ್ಲಿ ಬ್ಯಾಕ್ಟೀರಿಯಾ ಪ್ರಯಾಣ ಮಾಡಬೇಕಾಗಿಯೇ ಇಲ್ಲ. ವಸಡಿನ ಉರಿಯೂತದ ಸುದ್ದಿ ರಾಸಾಯನಿಕ ಸಂಕೇತಗಳ ಮೂಲಕ ಯಕೃತ್ತಿಗೆ ಮುಟ್ಟುತ್ತದೆ. ಅದು ಸಿ-ರಿಯಾಕ್ಟಿವ್ ಪ್ರೋಟೀನಿನಂಥವನ್ನು ಸುರಿಯತೊಡಗುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ‘ಸಿಆರ್‌ಪಿ’ ಎಂದು ನೀವು ನೋಡಿರುವುದು ಇದನ್ನೇ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟುವುದು, ಕಟ್ಟಿದ್ದು ಒಡೆಯುವುದು, ಎರಡರಲ್ಲೂ ಉರಿಯೂತದ ಪಾಲು ದೊಡ್ಡದು. ಹಾಗಾಗಿ ವರ್ಷಾನುಗಟ್ಟಲೆ ಬಾಯಲ್ಲಿ ಹೊಗೆಯಾಡುವ ಬೆಂಕಿ ರಕ್ತನಾಳಕ್ಕೂ ಶಾಖ ತಾಗಿಸಬಹುದು ಎಂಬ ತರ್ಕ. ಇಂಗ್ಲಿಷಿನಲ್ಲಿ ಹಲ್ಲಿನ ಪಾಚಿಗೂ ರಕ್ತನಾಳದ ಕೊಬ್ಬಿನ ಗಂಟಿಗೂ ‘ಪ್ಲಾಕ್’ ಎಂಬ ಒಂದೇ ಹೆಸರಿದೆ. ಇಲ್ಲಿನದೇ ಅಲ್ಲಿಗೆ ಹೋಗಿ ಕೂರುತ್ತದೆ ಎಂದು ಎಷ್ಟೋ ಜನ ನಂಬಲು ಈ ಹೆಸರಿನ ಕಾಕತಾಳೀಯವೂ ಕಾರಣವಿರಬೇಕು. ಕನ್ನಡದಲ್ಲಿ ಆ ಗೊಂದಲವಿಲ್ಲ, ಪುಣ್ಯ.

ಬಾಯಿಯನ್ನು ದೂರುವ ಚಾಳಿ ಹೊಸದಲ್ಲ. ನೂರು ವರ್ಷಗಳ ಹಿಂದೆ ಅದೊಂದು ಉನ್ಮಾದವೇ ಆಗಿತ್ತು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಕೊಳೆತ ಹಲ್ಲಿನ ಮೇಲೆ ಚಿನ್ನದ ಕಿರೀಟ ಕೂರಿಸುವ ಅಂದಿನ ದಂತವೈದ್ಯರನ್ನು ಜಾಲಾಡಿದರು. ರಕ್ತಹೀನತೆ, ಕೀಲುನೋವು, ಹೊಟ್ಟೆಯ ತೊಂದರೆ, ಎಲ್ಲಕ್ಕೂ ಮೂಲ ಬಾಯಿಯ ಕೊಳೆ ಎಂಬುದು ಅವರ ವಾದ. ಶಿಕಾಗೋದ ಫ್ರ್ಯಾಂಕ್ ಬಿಲ್ಲಿಂಗ್ಸ್ ಮುಂತಾದವರು ಇದನ್ನು ಸಿದ್ಧಾಂತವಾಗಿ ಬೆಳೆಸಿದರು. ಆಮೇಲೆ ಶುರುವಾಯಿತು ನೋಡಿ ಹಲ್ಲು ಕೀಳುವ ಸುಗ್ಗಿ. ಕೀಲುನೋವೆಂದು ಬಂದವರೂ ಬೋಳುಬಾಯಿಯಲ್ಲಿ ಮನೆಗೆ ಮರಳಿದರು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್, ಹುಚ್ಚಿಗೂ ಹಲ್ಲೇ ಕಾರಣವೆಂದು ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕೀಳಿಸಿದ. ಸಾಲದೆಂದು ತನ್ನ ಮಕ್ಕಳ ಹಲ್ಲುಗಳನ್ನೂ ಬಿಡಲಿಲ್ಲ. ಯಾರ ಹುಚ್ಚೂ ಇಳಿಯಲಿಲ್ಲ. ಕೀಲುನೋವೂ ಹೋಗಲಿಲ್ಲ. ನಂತರದ ದಶಕಗಳಲ್ಲಿ ಆ ಸಿದ್ಧಾಂತ ಎಷ್ಟು ಕೆಟ್ಟ ಹೆಸರು ಪಡೆಯಿತೆಂದರೆ, ಬಾಯಿಗೂ ದೇಹಕ್ಕೂ ಸಂಬಂಧವಿದೆ ಎನ್ನಲು ವೈದ್ಯರು ಹಿಂಜರಿಯುವಂತಾಯಿತು.

ಮತ್ತೆ ಬಾಗಿಲು ತೆರೆದದ್ದು ಫಿನ್‌ಲೆಂಡ್‌ನಲ್ಲಿ. ಹೆಲ್ಸಿಂಕಿಯ ಕಿಮ್ಮೊ ಮತ್ತಿಲ ಮತ್ತು ಸಂಗಡಿಗರು ಹೃದಯಾಘಾತವಾದ 100 ಜನರ ಬಾಯನ್ನೂ ಬೇರೆ 102 ಜನರ ಬಾಯನ್ನೂ ಹೋಲಿಸಿ, ಮೊದಲ ಗುಂಪಿನವರ ಹಲ್ಲು-ವಸಡು ಗಮನಾರ್ಹವಾಗಿ ಕೆಟ್ಟಿವೆಯೆಂದು 1989ರಲ್ಲಿ ಬರೆದರು. ಅದಕ್ಕೆ ಒಂದು ವರ್ಷ ಮೊದಲು ಫಿನ್‌ಲೆಂಡ್‌ನಿಂದಲೇ ಇನ್ನೊಂದು ಪ್ರಬಂಧ ಬಂದಿತ್ತು: ಶ್ವಾಸಕೋಶಕ್ಕೆ ಸೋಂಕು ತರುವ ಕ್ಲಮೈಡಿಯಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾಕ್ಕೂ ಹೃದಯಾಘಾತಕ್ಕೂ ನಂಟಿದೆ ಎಂದು. ಎರಡೂ ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿ ಮತ್ತಿಲ ಸೇರಿದಂತೆ ಕೆಲವು ಹೆಸರುಗಳು ಒಂದೇ. ಅವಳಿ ಮಕ್ಕಳಂತೆ ಹುಟ್ಟಿದ ಈ ಎರಡು ಊಹೆಗಳಲ್ಲಿ ಒಂದರ ಪಾಡು ಏನಾಯಿತೆಂದು ತಿಳಿದರೆ ಇನ್ನೊಂದರ ಬಗ್ಗೆ ಎಚ್ಚರ ತಾನಾಗಿ ಬರುತ್ತದೆ.

ಕ್ಲಮೈಡಿಯಾ ಊಹೆಗೆ ಪುರಾವೆ ರಾಶಿ ಬಿದ್ದಿತ್ತು. ರಕ್ತದಲ್ಲಿ ಪ್ರತಿಕಾಯ, ರಕ್ತನಾಳದ ಗಂಟಿನಲ್ಲಿ ಆ ಬ್ಯಾಕ್ಟೀರಿಯಾದ ಕುರುಹು, ಪ್ರಾಣಿಗಳ ಮೇಲಿನ ಪ್ರಯೋಗ, ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಹಾಗಾದರೆ ಆ್ಯಂಟಿಬಯೋಟಿಕ್ ಕೊಟ್ಟರೆ ಹೃದಯಾಘಾತ ತಗ್ಗಬೇಕಲ್ಲ? ಹೃದ್ರೋಗವಿದ್ದ 4012 ಜನರಲ್ಲಿ ಚೀಟಿ ಎತ್ತಿದಂತೆ ಅರ್ಧದಷ್ಟು ಮಂದಿಗೆ ವಾರಕ್ಕೊಮ್ಮೆ ಅಜಿತ್ರೋಮೈಸಿನ್, ಉಳಿದವರಿಗೆ ಬರೀ ಹುಸಿಮಾತ್ರೆ ಒಂದು ವರ್ಷ ಕೊಟ್ಟು ನೋಡಿದರು. 2005ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿಗೆ ವ್ಯತ್ಯಾಸವೇ ಇರಲಿಲ್ಲ. ಅದೇ ವರ್ಷ ಇನ್ನೊಂದು ಔಷಧದ ದೊಡ್ಡ ಪ್ರಯೋಗವೂ ಅದನ್ನೇ ಹೇಳಿತು. ಆ ಊಹೆಯ ಕಥೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು.

ವಸಡಿನ ಊಹೆಗೆ ಅಂಥ ಅಗ್ನಿಪರೀಕ್ಷೆ ಇನ್ನೂ ಆಗಿಲ್ಲ. ನಂಟು ಇರುವುದು ಮಾತ್ರ ಮತ್ತೆ ಮತ್ತೆ ಕಾಣಿಸಿದೆ. ಅಮೆರಿಕದಲ್ಲಿ 9760 ಜನರನ್ನು ಬೆನ್ನುಹತ್ತಿದ ಅಧ್ಯಯನವೊಂದು 1993ರಲ್ಲಿ, ವಸಡುರೋಗವಿದ್ದವರಲ್ಲಿ ಹೃದ್ರೋಗದ ಅಪಾಯ ಶೇ 25ರಷ್ಟು ಹೆಚ್ಚೆಂದಿತು. ಇನ್ನೂ ಅಚ್ಚುಕಟ್ಟಾಗಿ ನಡೆದದ್ದು ಸ್ವೀಡನ್ನಿನ ‘ಪಾರೋಕ್ರ್ಯಾಂಕ್’. ಮೊದಲ ಹೃದಯಾಘಾತವಾದ 805 ಜನ, ಅದೇ ವಯಸ್ಸಿನ, ಅದೇ ಸೀಮೆಯ ಬೇರೆ 805 ಜನ. ಎಲ್ಲರ ಹಲ್ಲಿನ ಎಕ್ಸ್‌ರೇ ತೆಗೆದು ಮೂಳೆ ಅಳೆದರು. ಹೃದಯಾಘಾತವಾದವರಲ್ಲಿ ಶೇ 43 ಮಂದಿಗೆ, ಉಳಿದವರಲ್ಲಿ ಶೇ 33 ಮಂದಿಗೆ ವಸಡುರೋಗವಿತ್ತು. ಬೀಡಿ-ಸಿಗರೇಟು, ಮಧುಮೇಹ, ಓದು, ಮದುವೆ ಎಲ್ಲವನ್ನೂ ಲೆಕ್ಕದಲ್ಲಿ ಕಳೆದ ಮೇಲೂ ಶೇ 28ರಷ್ಟು ಹೆಚ್ಚಳ ಉಳಿಯಿತು. ಇದು 2016ರ ಮಾತು.

ಉಳಿದದ್ದು ಎಲ್ಲಿಂದ ಬಂತು ಎಂಬಲ್ಲೇ ಜಗಳ. ಹೊಗೆಸೊಪ್ಪು ವಸಡನ್ನೂ ತಿನ್ನುತ್ತದೆ, ಹೃದಯವನ್ನೂ ತಿನ್ನುತ್ತದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಬೀಡಿ, ಸಿಗರೇಟು, ಕಡ್ಡಿಪುಡಿ, ಜರ್ದಾ. ಸೇದುವವರಲ್ಲಿ ಇನ್ನೊಂದು ಮೋಸವಿದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುವುದರಿಂದ ಅವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಒಳಗೆ ಮೂಳೆ ಹೆಚ್ಚು ಕರಗಿರುತ್ತದೆ. ‘ನನಗೆ ರಕ್ತವೇ ಬರಲ್ಲ’ ಎಂದು ಅವರು ಬೀಗುವಂತಿಲ್ಲ. ಸಕ್ಕರೆ ಕಾಯಿಲೆಯದೂ ಇದೇ ಆಟ, ಎರಡೂ ಕಡೆ ಕೈಯಿಡುತ್ತದೆ. ಬಡತನದ ಮಾತು ಬೇರೆ ಹೇಳಬೇಕಿಲ್ಲ. ದಂತವೈದ್ಯರ ಬಳಿ ಹೋಗಲಾಗದವನು ಬಿ.ಪಿ. ನೋಡಿಸಲೂ ಹೋಗಿರುವುದಿಲ್ಲ. ಒಂದು ವರ್ಷ ಎಷ್ಟು ಸಿಗರೇಟು ಸೇದಿದೆ ಎಂಬುದನ್ನು ಪ್ರಶ್ನಾವಳಿಯಲ್ಲಿ ಒಂದು ಗೀಟು ಹಾಕಿ ಅಳೆದರೆ, ಅಳತೆಗೆ ಸಿಗದೆ ಉಳಿದ ಹೊಗೆಯೆಲ್ಲ ವಸಡಿನ ಲೆಕ್ಕಕ್ಕೆ ಜಮೆಯಾಗುತ್ತದೆ.

ಮೇಲೆ ಹೇಳಿದ ಹುಜೊಲ್ ಈ ಗುಮಾನಿಯನ್ನು ಸೊಗಸಾಗಿ ಪರೀಕ್ಷೆಗಿಟ್ಟರು. ವಸಡೇ ತಪ್ಪಿತಸ್ಥನಾದರೆ, ಒಂದು ಹಲ್ಲೂ ಉಳಿಯದ ಬೊಚ್ಚುಬಾಯಿಯವರಿಗೆ ಹೃದ್ರೋಗ ಕಡಿಮೆ ಇರಬೇಕು; ಸೋಂಕಿನ ಜಾಗವೇ ಇಲ್ಲವಲ್ಲ. ಹಾಗೇನೂ ಕಾಣಲಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ನೂರಾರು ಪ್ರಬಂಧಗಳನ್ನು ತೂಗಿ ನೋಡಿ ತೀರ್ಪು ಕೊಟ್ಟಿತು: ನಂಟು ನಿಜ, ಬೇರೆ ಕಾರಣಗಳನ್ನು ಕಳೆದರೂ ಅದು ಉಳಿಯುತ್ತದೆ, ಒಂದು ಇನ್ನೊಂದನ್ನು ತರುತ್ತದೆಂಬುದಕ್ಕಾಗಲಿ, ವಸಡಿಗೆ ಚಿಕಿತ್ಸೆ ಕೊಟ್ಟರೆ ಹೃದಯಾಘಾತ ತಪ್ಪುತ್ತದೆಂಬುದಕ್ಕಾಗಲಿ ಪುರಾವೆಯಿಲ್ಲ. ಟೂತ್‌ಪೇಸ್ಟ್ ಕಂಪನಿಗಳಿಗೆ ಈ ವಾಕ್ಯದ ಮೊದಲರ್ಧ ಮಾತ್ರ ಕೇಳಿಸಿತು.

ನನ್ನನ್ನು ಕೇಳಿದರೆ ಊಹೆಯನ್ನು ಕೈಬಿಡುವ ಕಾಲವೂ ಬಂದಿಲ್ಲ. ಎರಡು ಪ್ರಯೋಗಗಳು ನನ್ನನ್ನು ಹಾಗೆ ಅನ್ನದಂತೆ ತಡೆಯುತ್ತವೆ. ಮೊದಲನೆಯದು ಲಂಡನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದದ್ದು. ತೀವ್ರ ವಸಡುರೋಗದ 120 ಜನರಲ್ಲಿ ಅರ್ಧದಷ್ಟು ಮಂದಿಗೆ ಬಲವಾದ ಚಿಕಿತ್ಸೆ, ಉಳಿದವರಿಗೆ ಮಾಮೂಲಿ ಶುಚಿ. ಎಲ್ಲರ ತೋಳಿನ ರಕ್ತನಾಳ ಎಷ್ಟು ಸಲೀಸಾಗಿ ಹಿಗ್ಗುತ್ತದೆಂದು ಅಲ್ಟ್ರಾಸೌಂಡಿನಿಂದ ಅಳೆದರು. ಬಲವಾದ ಚಿಕಿತ್ಸೆಯಾದ ಮರುದಿನ ರಕ್ತನಾಳದ ಸ್ಥಿತಿ ಇನ್ನೂ ಕೆಟ್ಟಿತು, ಸಿಆರ್‌ಪಿ ಏರಿತು. ಕೆಸರು ಕಲಕಿದಂತಾಗಿರಬೇಕು. ಆರು ತಿಂಗಳಾಗುವ ಹೊತ್ತಿಗೆ ಅದೇ ಗುಂಪಿನವರ ರಕ್ತನಾಳ ಉಳಿದವರದಕ್ಕಿಂತ ಚೆನ್ನಾಗಿತ್ತು. ವಸಡನ್ನು ಮುಟ್ಟಿದ್ದು ತೋಳಿನ ನಾಳಕ್ಕೆ ತಿಳಿಯಿತು, ಕೆಡುಕಿನಲ್ಲೂ ಒಳಿತಿನಲ್ಲೂ. ಎರಡನೆಯದು ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ‘ಕ್ಯಾಂಟೋಸ್’. ಇದರಲ್ಲಿ ಹಲ್ಲಿನ ಮಾತೇ ಇಲ್ಲ. ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಇಂಜೆಕ್ಷನ್ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾಗಿ ಶೇ 15ರಷ್ಟು ಇಳಿದವು. ಉರಿಯೂತ ಬರೀ ಸಾಕ್ಷಿಯಲ್ಲ, ಆರೋಪಿಯೂ ಹೌದೆಂದು ಆಗ ಖಚಿತವಾಯಿತು. ಸೋಂಕಿನಿಂದಾದ ಸಾವುಗಳು ಸ್ವಲ್ಪ ಹೆಚ್ಚಿದ್ದರಿಂದ ಆ ಔಷಧ ಹೃದಯದ ಮದ್ದಾಗಿ ಬಳಕೆಗೆ ಬರಲಿಲ್ಲ.

ಹಾಗಾದರೆ ವಸಡಿನ ಚಿಕಿತ್ಸೆಯಿಂದ ಹೃದಯಾಘಾತ ತಗ್ಗುತ್ತದೆಯೇ ಎಂದು ನೇರವಾಗಿ ಪರೀಕ್ಷಿಸಬಾರದೇಕೆ? ಸಾವಿರಾರು ಜನರ ಬಾಯಲ್ಲಿ ರೋಗವಿದೆಯೆಂದು ತಿಳಿದೂ ಐದಾರು ವರ್ಷ ಚಿಕಿತ್ಸೆ ಕೊಡದೆ, ಯಾರಿಗೆ ಹೃದಯಾಘಾತವಾಗುತ್ತದೆಂದು ಕಾದು ಕೂರಲು ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ. 2019ರಲ್ಲಿ ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ ಜಗತ್ತನ್ನೆಲ್ಲ ಜಾಲಾಡಿದಾಗ ಲೆಕ್ಕಕ್ಕೆ ತಗೊಳ್ಳಬಹುದಾದ ಪ್ರಯೋಗಗಳು ಸಿಕ್ಕಿದ್ದು ಎರಡೇ, ಅವೂ ಸಣ್ಣವು.

ಇನ್ನು ಪುರಾವೆಗೆ ಕೊರತೆಯಿಲ್ಲದ ನಂಟುಗಳಿಗೆ ಬರೋಣ. ಮೊದಲನೆಯದು ಕವಾಟದ್ದು. ನಮ್ಮಲ್ಲಿ ಚಿಕ್ಕಂದಿನಲ್ಲಿ ಗಂಟಲು ಸೋಂಕಾಗಿ, ಆಮೇಲೆ ಕೀಲು ಊದಿ, ಕೊನೆಗೆ ಹೃದಯದ ಕವಾಟ ಕೆಡಿಸಿಕೊಂಡವರು ಈಗಲೂ ಕಡಿಮೆಯಿಲ್ಲ. ಜಯದೇವದಂಥ ಆಸ್ಪತ್ರೆಗಳ ಕಾರಿಡಾರಿನಲ್ಲಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುವ ಹಳ್ಳಿಯ ಹೆಣ್ಣುಮಕ್ಕಳನ್ನು ಕೇಳಿದರೆ ಆ ಕಥೆ ಗೊತ್ತಾಗುತ್ತದೆ. ಅಂಥವರಲ್ಲಿ ಹಲವರಿಗೆ ಕೃತಕ ಕವಾಟ ಕೂರಿಸಿರುತ್ತಾರೆ. ತಿರುವನಂತಪುರದ ಶ್ರೀ ಚಿತ್ರ ಸಂಸ್ಥೆ ರೂಪಿಸಿ, 1990ರಲ್ಲಿ ಮೊದಲ ರೋಗಿಗೆ ಜೋಡಿಸಿದ ದೇಸಿ ಕವಾಟ ಎಷ್ಟೋ ಬಡವರ ಎದೆಯಲ್ಲಿ ಟಿಕ್ ಟಿಕ್ ಅನ್ನುತ್ತಿದೆ. ರಕ್ತಕ್ಕಿಳಿದ ಬಾಯಿಯ ಬ್ಯಾಕ್ಟೀರಿಯಾ ಆರೋಗ್ಯವಂತರ ಹೃದಯದಲ್ಲಿ ನಿಲ್ಲಲು ಜಾಗ ಸಿಗದೆ ಹೋಗುತ್ತವೆ. ಇಂಥ ಕವಾಟದ ಮೇಲೆ ಅವು ಗೂಡು ಕಟ್ಟಬಲ್ಲವು. ಬಿಡದ ಜ್ವರ, ಸುಸ್ತು, ಆಮೇಲೆ ಪ್ರಾಣಕ್ಕೇ ಸಂಚಕಾರ. ಕೃತಕ ಕವಾಟವಿದ್ದವರು, ಹಿಂದೊಮ್ಮೆ ಕವಾಟದ ಸೋಂಕಾದವರು ಹಲ್ಲು ಕೀಳಿಸುವ ಮುನ್ನ ಆ್ಯಂಟಿಬಯೋಟಿಕ್ ನುಂಗಬೇಕು. ಸಾಮಾನ್ಯವಾಗಿ ಒಂದು ಗಂಟೆ ಮೊದಲು ಎರಡು ಗ್ರಾಂ ಅಮಾಕ್ಸಿಸಿಲಿನ್. ಎಲ್ಲಕ್ಕಿಂತ ಮುಖ್ಯವಾಗಿ ಇವರ ವಸಡು ದಿನದಿನವೂ ಗಟ್ಟಿಯಾಗಿರಬೇಕು, ಏಕೆಂದರೆ ಇವರೂ ದಿನಕ್ಕೆರಡು ಸಲ ಹಲ್ಲುಜ್ಜುತ್ತಾರೆ, ಹಲ್ಲು ಕೀಳಿಸುವುದು ಎಂದೋ ಒಮ್ಮೆ. ಬರೀ ಸ್ಟೆಂಟ್ ಇದ್ದವರಿಗೆ ಈ ಮುಂಜಾಗ್ರತೆಯ ಮಾತ್ರೆ ಬೇಕಿಲ್ಲ.

ಎರಡನೆಯದು ತಿರುಗುಮುರುಗು, ಹೃದಯದ ಮದ್ದಿನಿಂದ ವಸಡಿಗೆ. ಬಿ.ಪಿ.ಗೆ ಅತಿ ಹೆಚ್ಚು ಬರೆದುಕೊಡುವ ಮಾತ್ರೆಗಳಲ್ಲಿ ಆಮ್ಲೋಡಿಪಿನ್ ಒಂದು. ಕೆಲವರಲ್ಲಿ ಅದು ವಸಡನ್ನು ಬೆಳೆಸುತ್ತದೆ, ಹಲ್ಲಿನ ಮೇಲೆ ಹಿಟ್ಟು ಉಬ್ಬಿ ಬಂದಂತೆ. ಪಾಚಿ ಹೆಚ್ಚಿದ್ದರೆ ಬೆಳವಣಿಗೆಯೂ ಹೆಚ್ಚು. ಮಾತ್ರೆ ಬದಲಿಸಿದರೆ ಬಹುಪಾಲು ಇಳಿಯುತ್ತದೆ, ಬದಲಿಸಬೇಕಾದವರು ವೈದ್ಯರು. ವಸಡು ಊದಿತೆಂದು ಉಪ್ಪುನೀರು ಮುಕ್ಕಳಿಸುತ್ತ ವರ್ಷ ಕಳೆದವರಿಗೆ ತಾವು ನುಂಗುವ ಬಿ.ಪಿ. ಮಾತ್ರೆಯ ಹೆಸರನ್ನು ದಂತವೈದ್ಯರಿಗೆ ಹೇಳಬೇಕೆಂದು ಹೊಳೆದಿರುವುದಿಲ್ಲ. ಮೂರನೆಯದು ನೋವಿನ ವೇಷಾಂತರ. ಹೃದಯದ ನೋವು ಕೆಲವೊಮ್ಮೆ ಎದೆಯನ್ನು ಬಿಟ್ಟು ಕೆಳದವಡೆಯಲ್ಲಷ್ಟೇ ಕಾಣಿಸಿಕೊಳ್ಳುತ್ತದೆ. ಮೆಟ್ಟಿಲು ಹತ್ತಿದರೆ ದವಡೆ ನೋಯುವುದು, ಕೂತರೆ ಇಳಿಯುವುದು, ಈ ಲಕ್ಷಣ ಹಲ್ಲಿನದಲ್ಲ. ಹಲ್ಲಿಗೆ ಮೆಟ್ಟಿಲಿನ ಗೊಡವೆಯಿಲ್ಲ, ಅದು ಬಿಸಿ ಕಾಫಿಗೆ, ಐಸ್‌ಕ್ರೀಮಿಗೆ, ಕಡಲೆ ಕಡಿದಾಗ ನೋಯುತ್ತದೆ.

ಆ ಸಂದೇಶದ ಕೊನೆಯಲ್ಲಿದ್ದ ಮೌತ್‌ವಾಶ್ ನನಗೆ ನಗು ತರಿಸಿದ್ದೇಕೆಂದು ಹೇಳಬೇಕು. ಬಾಯಿಯ ಬ್ಯಾಕ್ಟೀರಿಯಾಗಳೆಲ್ಲ ಶತ್ರುಗಳಲ್ಲ. ಪಾಲಕ್, ದಂಟು, ಬೀಟ್ರೂಟ್ ತಿಂದಾಗ ಒಳಹೋಗುವ ನೈಟ್ರೇಟಿನಲ್ಲಿ ಸುಮಾರು ಕಾಲುಭಾಗ ಎಂಜಲಿಗೆ ಮರಳಿ ಬರುತ್ತದೆ. ನಾಲಗೆಯ ಹಿಂಭಾಗದ ಸುಕ್ಕುಗಳಲ್ಲಿ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ದೇಹ ಅದರಿಂದ ನೈಟ್ರಿಕ್ ಆಕ್ಸೈಡ್ ಮಾಡಿಕೊಂಡು ರಕ್ತನಾಳ ಸಡಿಲಿಸುತ್ತದೆ. ಲಂಡನ್ನಿನಲ್ಲಿ 19 ಆರೋಗ್ಯವಂತರಿಗೆ ಒಂದು ವಾರ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಮುಕ್ಕಳಿಸಲು ಕೊಟ್ಟು ನೋಡಿದಾಗ ರಕ್ತದೊತ್ತಡ 2ರಿಂದ 3.5 ಅಂಕ ಏರಿತ್ತು. 2013ರ ಸಣ್ಣ ಪ್ರಯೋಗ, ಅದನ್ನು ಹಿಡಿದು ಯಾರೂ ಬಾಟಲಿ ಎಸೆಯಬೇಕಿಲ್ಲ. ವಸಡಿನ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಹೇಳಿದಷ್ಟು ದಿನ ಮುಕ್ಕಳಿಸುವುದು ಸರಿ. ‘ಹೃದಯ ಕಾಯುತ್ತದೆ’ ಎಂದು ದಿನಾ ಎರಡು ಸಲ ಬಾಯಿಗೆ ಸುರಿದುಕೊಳ್ಳುವುದು ಮಾತ್ರ ಬೇಲಿ ಹಾಕಲು ಹೋಗಿ ಬೆಳೆ ಕೊಯ್ದಂತೆ.

ಬಾಯಿಯ ಆರೋಗ್ಯಕ್ಕೆ ನಮ್ಮ ಸರ್ಕಾರ ಕೊಟ್ಟ ಯೋಜನೆಗಳಲ್ಲಿ ಜನಕ್ಕೆ ನೆನಪಿರುವುದು ‘ದಂತ ಭಾಗ್ಯ’. ಬಡ ಹಿರಿಯರಿಗೆ ಉಚಿತ ಹಲ್ಲುಸೆಟ್ಟು. ಒಳ್ಳೆಯ ಕೆಲಸ, ಬೊಚ್ಚುಬಾಯಿಯ ಅಜ್ಜ ಮತ್ತೆ ರೊಟ್ಟಿ ಅಗಿಯುವುದು ಸಣ್ಣ ಸಂಗತಿಯಲ್ಲ. ಆದರೂ ಹಲ್ಲೆಲ್ಲ ಉದುರಿದ ಮೇಲೆ ಸೆಟ್ಟು ಕೊಡುವ ರಾಜ್ಯದಲ್ಲೇ ದಂತ ವೈದ್ಯಕೀಯ ಕಾಲೇಜುಗಳು ದೇಶದ ಬಹುತೇಕ ರಾಜ್ಯಗಳಿಗಿಂತ ಹೆಚ್ಚಾಗಿವೆ ಎಂಬುದೂ ನೆನಪಿರಲಿ. ಅಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಎಷ್ಟೋ ಅಗ್ಗದಲ್ಲಿ ಗಾರೆ ತೆಗೆಯುತ್ತಾರೆ. ಕಲಿಯುವ ಮಕ್ಕಳು ಮಾಡುವುದರಿಂದ ಹೊತ್ತು ಹಿಡಿಯುತ್ತದೆ, ಅಷ್ಟೇ. ವಸಡಿನಲ್ಲಿ ರಕ್ತ ಬರುವವರು ಅಲ್ಲಿಗೆ ಹೋಗಲು ಹೃದಯದ ನೆಪ ಬೇಕಿಲ್ಲ. ಹಲ್ಲು ಉಳಿಸಿಕೊಳ್ಳುವುದೇ ಸಾಕಷ್ಟು ದೊಡ್ಡ ಕಾರಣ.

ಮೇಷ್ಟ್ರ ವಿಷಯಕ್ಕೆ ಬಂದರೆ, ಅವರು ಬಿಟ್ಟಿದ್ದ ಮಾತ್ರೆಗಳು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್. ಜನ ಅನ್ನುವಂತೆ ಇವು ರಕ್ತವನ್ನು ನೀರು ಮಾಡುವುದಿಲ್ಲ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಹೊಸ ಸ್ಟೆಂಟ್ ದೇಹಕ್ಕೆ ಪರಕೀಯ ಲೋಹ. ಅದರ ಮೇಲೆ ಹೆಪ್ಪುಗಟ್ಟಿದರೆ ಹಠಾತ್ತನೆ ಪೂರ್ತಿ ಮುಚ್ಚಿಹೋಗಬಹುದು. ಹಲ್ಲು ಕೀಳಿಸಲು ಈ ಮಾತ್ರೆಗಳನ್ನು ನಿಲ್ಲಿಸಬೇಡಿ ಎಂದು ಅಮೆರಿಕದ ಹೃದ್ರೋಗ ತಜ್ಞರೂ ದಂತವೈದ್ಯರೂ ಸೇರಿ 2007ರಲ್ಲೇ ಜಂಟಿ ಎಚ್ಚರಿಕೆ ಹೊರಡಿಸಿದ್ದರು. ಹಲ್ಲು ಕಿತ್ತ ಜಾಗದ ರಕ್ತವನ್ನು ಕಣ್ಣೆದುರೇ ಒತ್ತಿ ಹಿಡಿಯಬಹುದು, ಹೊಲಿಗೆ ಹಾಕಬಹುದು. ಸ್ಟೆಂಟಿನೊಳಗೆ ಕಟ್ಟಿದ ಹೆಪ್ಪಿಗೆ ಬೆರಳು ತಲುಪುವುದಿಲ್ಲ.

ಹೃದ್ರೋಗ ವೈದ್ಯರು ಫೋನಿನಲ್ಲೇ ಗದರಿ ಅಂದೇ ಮಾತ್ರೆ ಶುರು ಮಾಡಿಸಿದರು. ಹಲ್ಲಿನ ಬುಡದಲ್ಲಿ ಕೀವಾಗಿದ್ದರಿಂದ ಬಹಳ ದಿನ ಮುಂದೂಡುವ ಹಾಗಿರಲಿಲ್ಲ. ವಾರ ಬಿಟ್ಟು, ಇಬ್ಬರು ವೈದ್ಯರೂ ಮಾತಾಡಿಕೊಂಡು, ಮಾತ್ರೆ ನಿಲ್ಲಿಸದೆಯೇ ಹಲ್ಲು ತೆಗೆದು ಎರಡು ಹೊಲಿಗೆ ಹಾಕಿದರು. ಸಂಜೆ ನೋಡಲು ಹೋದಾಗ ಮೇಷ್ಟ್ರು ಹತ್ತಿಯುಂಡೆ ಕಚ್ಚಿ ಕೂತಿದ್ದರು, ಮಾತಾಡುವಂತಿರಲಿಲ್ಲ. ಕಿತ್ತ ಹಲ್ಲನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಬುಡದ ತನಕ ಕಂದು ಗಾರೆ ಕಟ್ಟಿದ ದವಡೆ ಹಲ್ಲು. ಅದನ್ನು ನನ್ನತ್ತ ತಳ್ಳಿ, ಪಕ್ಕದಲ್ಲಿದ್ದ ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದು ತೋರಿಸಿದರು: ‘ಉಳಿದ ಇಪ್ಪತ್ತಮೂರಕ್ಕೆ ಕ್ಲೀನಿಂಗ್ ಎಷ್ಟಾಗುತ್ತಂತೆ, ಕೇಳು.’